ಕೇಬಲ್ ನೋಡಿದ್ದಾಯಿತು, ಕಂಬಗಳ ಬುಡವನ್ನೂ ನೋಡಿ

ಗೊರಗುಂಟೆಪಾಳ್ಯ, ಪೀಣ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿಯ ಬಂಧುಗಳೇ,

2021ರ ಡಿಸೆಂಬರಿನಲ್ಲಿ ತುಮಕೂರು ರಸ್ತೆಯ ಫ್ಲೈಓವರ್ ಮುಚ್ಚಿದಾಗ, 102 ಮತ್ತು 103ನೇ ಪಿಲ್ಲರ್‌ಗಳ ಮಾತು ಆಟೊ ಸ್ಟ್ಯಾಂಡಿನಿಂದ ಗಾರ್ಮೆಂಟ್ಸ್ ಗೇಟಿನವರೆಗೆ ಎಲ್ಲರ ಬಾಯಲ್ಲಿತ್ತು. ಆದರೆ ಕೆಟ್ಟಿದ್ದು ಆ ಪಿಲ್ಲರ್‌ಗಳಲ್ಲ, ಅವುಗಳ ನಡುವಿನ ಸ್ಪ್ಯಾನ್‌ನೊಳಗೆ ಬಿಗಿದಿದ್ದ ಕೇಬಲ್‌ಗಳು. ಆಮೇಲೆ ಹೊಸ ಕೇಬಲ್ ಹಾಕಿದರು, ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆ ಪಡೆದರು, ಭಾರ ಹೇರಿ ಪರೀಕ್ಷಿಸಿದರು. 2024ರ ಜುಲೈ ಕೊನೆಗೆ ಲಾರಿ, ಬಸ್ಸುಗಳು ಮತ್ತೆ ಮೇಲೇರಿದವು. ಒಳ್ಳೆಯ ಕೆಲಸ. ಆದರೆ ಲಾರಿಯ ಭಾರ ಕೆಳಕ್ಕೆ ಒತ್ತುತ್ತದೆ. ಭೂಕಂಪ ಅಡ್ಡಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯಬೇಕಾದದ್ದು ನಾವು ದಿನವೂ ಯಾರ ನೆರಳಲ್ಲಿ ಬಸ್ಸಿಗೆ ಕಾಯುತ್ತೇವೋ ಆ ಕಂಬಗಳೇ.

ಬೆಂಗಳೂರಿಗೆ ಭೂಕಂಪ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. 2002ರವರೆಗೆ ನಮ್ಮ ಊರು ದೇಶದ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಲಾತೂರಿನ ಕಿಲ್ಲಾರಿಯೂ ಅದೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ ಭೂಕಂಪಕ್ಕೆ ಸಾವಿರಾರು ಜನ ಸತ್ತರು. ನಮ್ಮ ಬೀದರ್, ಕಲಬುರಗಿಯವರಿಗೆ ಆ ನಡುಕ ಇನ್ನೂ ನೆನಪಿದೆ. 2002ರಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿ ಬೆಂಗಳೂರನ್ನು ಎರಡನೇ ವಲಯಕ್ಕೆ ಸೇರಿಸಿದರು. ಈಗಲೂ ಅಪಾಯ ಕಡಿಮೆಯೇ. ಕಡಿಮೆ ಎಂದರೆ ಇಲ್ಲ ಎಂದಲ್ಲ.

ಕಂಬ ಹೇಗೆ ಮುರಿಯುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ನೆಲ ಅಲುಗಿದಾಗ ಮೇಲಿನ ಸೇತುವೆಯ ತೂಕ ಇದ್ದಲ್ಲೇ ಉಳಿಯಲು ನೋಡುತ್ತದೆ, ಬುಡ ಮಾತ್ರ ಸರಿಯುತ್ತದೆ. ಒಂಟಿ ಕಂಬದಲ್ಲಿ ಬಾಗುವ ಒತ್ತಡವೆಲ್ಲ ಬುಡಕ್ಕೇ ಬಂದು ಸೇರುತ್ತದೆ. ದೊಡ್ಡ ಕಂಪನಕ್ಕೂ ಬಿರುಕು ಬಿಡದ ಕಂಬ ಕಟ್ಟುವುದು ದುಬಾರಿ. ಆದ್ದರಿಂದ ಎಂಜಿನಿಯರುಗಳು ಬುಡದಲ್ಲಿ ಕಂಬಿ ಹಿಗ್ಗಿ ಕುಗ್ಗಿ ಕಂಪನದ ಶಕ್ತಿಯನ್ನು ನುಂಗುವಂತೆ ವಿನ್ಯಾಸ ಮಾಡುತ್ತಾರೆ. ಆಗ ಹೊರಗಿನ ಕಾಂಕ್ರೀಟು ಉದುರುತ್ತದೆ. ಒಳಗಿನದು ಉದುರದಂತೆ ಹಿಡಿಯುವುದು ಸುತ್ತಲಿನ ರಿಂಗುಗಳು, ಕಬ್ಬಿನ ಹೊರೆಯನ್ನು ಹಿಡಿದ ಕಟ್ಟಿನ ಹಾಗೆ. ರಿಂಗುಗಳು ವಿರಳವಾಗಿದ್ದರೆ ಉದ್ದ ಕಂಬಿಗಳು ಹೊರಕ್ಕೆ ಬಾಗುತ್ತವೆ. ರಿಂಗಿನ ತುದಿಯನ್ನು 135 ಡಿಗ್ರಿಗೆ ಬಗ್ಗಿಸಿ ಒಳಗಿನ ಕಾಂಕ್ರೀಟಿಗೆ ಚುಚ್ಚಬೇಕು. ಬರೀ 90 ಡಿಗ್ರಿಗೆ ಮಡಚಿದ್ದರೆ ಹೊರಪದರ ಉದುರಿದ ಕೂಡಲೇ ಅದು ಬಿಚ್ಚಿಕೊಳ್ಳುತ್ತದೆ. ಉದ್ದ ಕಂಬಿಗಳ ಜೋಡಣೆಯೂ ಬುಡದಲ್ಲಿರಬಾರದು. ಕಂಬಿ ಕಟ್ಟುವ ನಮ್ಮ ಅಣ್ಣತಮ್ಮಂದಿರಿಗೆ ಇದೆಲ್ಲ ಚೆನ್ನಾಗಿ ಗೊತ್ತು.

1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ ಹಾನ್ಶಿನ್ ಎಕ್ಸ್‌ಪ್ರೆಸ್‌ವೇಯ 635 ಮೀಟರ್ ಉದ್ದದ ಭಾಗ ಪಕ್ಕಕ್ಕೆ ಮಗುಚಿತು. ಅದು ನಿಂತಿದ್ದದ್ದೂ ಒಂಟಿ ಕಂಬಗಳ ಮೇಲೆಯೇ. ಉದ್ದ ಕಂಬಿಗಳಲ್ಲಿ ಕೆಲವನ್ನು ಅರ್ಧದಲ್ಲೇ ನಿಲ್ಲಿಸಿದ್ದರು, ರಿಂಗುಗಳು ಸಾಲದಾಗಿದ್ದವು. ಜಪಾನ್ ಆಮೇಲೆ ಹಳೆಯ ಕಂಬಗಳಿಗೆ ಉಕ್ಕಿನ ಕವಚ ತೊಡಿಸಿತು. ನಿಂತಿರುವ ಸೇತುವೆಯನ್ನು ಕೆಡವದೆಯೇ ಈ ಕೆಲಸ ಆಗುತ್ತದೆ, ನಮ್ಮಲ್ಲೂ ಆಗುತ್ತದೆ.

ನಮ್ಮ ಫ್ಲೈಓವರ್ ತೆರೆದದ್ದು 2010ರಲ್ಲಿ. ಕಾಂಕ್ರೀಟು ಸೇತುವೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 112ನೇ ಸಂಹಿತೆ ಬಂದದ್ದು 2011ರಲ್ಲಿ; ರಸ್ತೆ ಸೇತುವೆಗಳ ಭೂಕಂಪ ವಿನ್ಯಾಸಕ್ಕೇ ಮೀಸಲಾದ ಮಾರ್ಗಸೂಚಿ ಬಂದದ್ದು 2018ರಲ್ಲಿ. ಕಂಬಗಳಲ್ಲಿ ದೋಷವಿದೆ ಎಂದು ನಾವು ಹೇಳುತ್ತಿಲ್ಲ, ಹೇಳಲೂ ಬಾರದು. ಇಂದಿನ ನಿಯಮಕ್ಕೆ ಅವು ಹೊಂದುತ್ತವೆಯೇ ಎಂದು ಲೆಕ್ಕ ಹಾಕಿ ಜನರಿಗೆ ತಿಳಿಸಿ ಎನ್ನುತ್ತಿದ್ದೇವೆ. ಪಕ್ಕದಲ್ಲೇ 2014ರಿಂದ ಓಡುತ್ತಿರುವ ಮೆಟ್ರೊದ ಕಂಬಗಳಿಗೂ ಇದೇ ಮಾತು.

2024ರಲ್ಲಿ ಭಾರಿ ವಾಹನಗಳನ್ನು ಬಿಟ್ಟಾಗ, ತಪಾಸಣೆಗೆಂದು ಪ್ರತಿ ಶುಕ್ರವಾರ ಅವುಗಳಿಗೆ ನಿಷೇಧ ಹಾಕಿದ್ದರು. ಅಂಥ ತಪಾಸಣೆಯ ದಿನವೇ ಕಂಬಗಳ ಬುಡಕ್ಕೂ ಉಪಕರಣ ಹಿಡಿಯಲಿ. ಕಾಂಕ್ರೀಟನ್ನು ಒಡೆಯದೆಯೇ ಕಂಬಿ, ರಿಂಗುಗಳ ಅಂತರ ಅಳೆಯುವ ಯಂತ್ರಗಳಿವೆ. ಸೇತುವೆ ಮತ್ತು ಕಂಬದ ನಡುವೆ ಕೂರುವ ಬೇರಿಂಗ್‌ಗಳನ್ನೂ, ಸ್ಪ್ಯಾನ್ ಜಾರಿ ಬೀಳದಂತೆ ಕಂಬದ ತಲೆಯ ಮೇಲೆ ಎಷ್ಟು ಅಗಲದ ಆಸರೆ ಇದೆ ಎಂಬುದನ್ನೂ ಆಗಲೇ ನೋಡಬಹುದು.

ನೀವು ಮಾಡಬೇಕಾದ್ದು ಇಷ್ಟು: ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಕಂಬಗಳ ಕಂಬಿ ನಕ್ಷೆ, ಭೂಕಂಪ ವಿನ್ಯಾಸದ ಲೆಕ್ಕ, ಬೇರಿಂಗ್ ತಪಾಸಣಾ ವರದಿ, ಈ ಮೂರರ ಪ್ರತಿ ಕೇಳಿ. ಅಭಿಪ್ರಾಯ ಕೇಳಬೇಡಿ, ದಾಖಲೆ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬಂದದ್ದನ್ನು ಬಡಾವಣೆಯ ಸಭೆಯಲ್ಲಿ ಎಲ್ಲರೆದುರು ಓದಿ, ಬರದಿದ್ದರೆ ಮೇಲ್ಮನವಿ ಹಾಕಿ.