ಆಯಾಗಳ ವಲಸೆ: 30ರ ಮಿತಿ ಯಾರನ್ನು ಕಾಯುತ್ತಿದೆ?

ಗಲ್ಫ್ ದೇಶಗಳಿಗೆ ಆಯಾ ಕೆಲಸಕ್ಕೆ ಹೊರಟ ಭಾರತೀಯ ಮಹಿಳೆಯ ದಾರಿಯನ್ನು ಪಾಸ್‌ಪೋರ್ಟಿನ ಎರಡು ವಿವರಗಳು ನಿರ್ಧರಿಸುತ್ತವೆ: ಹುಟ್ಟಿದ ದಿನಾಂಕ ಮತ್ತು ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಎಂಬ ಮುದ್ರೆ. ಸಾಮಾನ್ಯವಾಗಿ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಈ ಮುದ್ರೆ ಬೀಳುತ್ತದೆ. ಅದು ಬಿದ್ದ ಮಹಿಳೆ 30 ವರ್ಷ ತುಂಬುವವರೆಗೆ ಕುವೈತ್, ಸೌದಿ ಅರೇಬಿಯಾ, ಒಮಾನ್, ಯುಎಇ ಸೇರಿದಂತೆ ‘ಇಸಿಆರ್’ ಪಟ್ಟಿಯಲ್ಲಿರುವ ಯಾವ ದೇಶಕ್ಕೂ ದುಡಿಯಲು ಹೋಗುವಂತಿಲ್ಲ. ರಕ್ಷಣೆಗೆಂದು ಹಾಕಿದ ಈ ಮಿತಿ ಅವಳನ್ನು ಕಾಯುತ್ತಿಲ್ಲ. ಅವಳನ್ನು ಕಾಯಬಹುದಾಗಿದ್ದ ಏರ್ಪಾಡುಗಳಿಂದಲೇ ಅವಳನ್ನು ದೂರ ಅಟ್ಟುತ್ತಿದೆ. ಅದನ್ನು ತೆಗೆದುಹಾಕುವ ಕಾಲ ಬಂದು ಬಹಳ ದಿನವಾಯಿತು.

1983ರ ವಲಸೆ ಕಾಯ್ದೆಯ ಜಾಗಕ್ಕೆ ಹೊಸ ಕಾನೂನು ತರಲೆಂದು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಕರಡು ಮಸೂದೆಯನ್ನು ಜನರ ಮುಂದಿಟ್ಟಿತು. ಏಜೆಂಟರ ಮೇಲಿನ ಹಿಡಿತ, ದಂಡ, ಹೊಸ ಮಂಡಳಿ ಇವೆಲ್ಲ ಚರ್ಚೆಯಾಗಬೇಕಾದ ವಿಷಯಗಳೇ. ಆದರೆ 30ರ ಮಿತಿ ಹಳೆಯ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ. ಅದು ಸರ್ಕಾರಿ ಆದೇಶಗಳ ಮೂಲಕ ಬಂದದ್ದು. ಮೊದಲು ಮನೆಕೆಲಸಕ್ಕೆ ಹೋಗುವವರಿಗಷ್ಟೇ ಇದ್ದ ನಿಯಮವನ್ನು 2007ರಲ್ಲಿ ‘ಇಸಿಆರ್’ ಪಾಸ್‌ಪೋರ್ಟಿನ ಎಲ್ಲ ಮಹಿಳೆಯರಿಗೆ, ಕೆಲಸ ಯಾವುದೇ ಇರಲಿ, ಅನ್ವಯಿಸಲಾಯಿತು. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗಬೇಕು. ಕಾಯ್ದೆ ಬದಲಾದ ಮಾತ್ರಕ್ಕೆ ಅದು ತಾನಾಗಿ ಬಿದ್ದುಹೋಗುವುದಿಲ್ಲ.

ಈ ಮಿತಿಯಲ್ಲಿ ಎರಡು ದೊಡ್ಡ ಕಂಡಿಗಳಿವೆ. ಮೊದಲನೆಯದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಹತ್ತನೇ ತರಗತಿ ಪಾಸಾದ 22ರ ಯುವತಿ ಅದೇ ಊರಿಗೆ, ಅದೇ ಮನೆಗೆ, ಅದೇ ಮಗುವನ್ನು ನೋಡಿಕೊಳ್ಳಲು ಯಾರ ಅನುಮತಿಯೂ ಇಲ್ಲದೆ ಹೋಗಬಹುದು. ಅಲ್ಲಿ ಅವಳಿಗೆ ಎದುರಾಗುವ ಅಪಾಯವೂ ಅದೇ. ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಾಗ ಅಂಕಪಟ್ಟಿ ನೆರವಿಗೆ ಬರುವುದಿಲ್ಲ. ಹೀಗೆ ನಿಷೇಧ ತಗಲುವುದು ಶಾಲೆ ಅರ್ಧಕ್ಕೆ ಬಿಟ್ಟ ಬಡ ಮಹಿಳೆಗೆ ಮಾತ್ರ.

ಎರಡನೆಯ ಕಂಡಿ ವಿಸಿಟ್ ವೀಸಾ. ಪ್ರವಾಸಕ್ಕೆ ಹೋಗುವವರಿಗೆ ವಲಸೆ ಅನುಮತಿ ಬೇಕಿಲ್ಲ. ಏಜೆಂಟ್ 26ರ ಮಹಿಳೆಗೆ ದುಬೈಗೆ ವಿಸಿಟ್ ವೀಸಾ ಮಾಡಿಸುತ್ತಾನೆ, ಅಲ್ಲಿಂದ ಒಮಾನಿಗೋ ಕುವೈತಿಗೋ ದಾಟಿಸುತ್ತಾನೆ. ಅವಳು ಭಾರತ ಬಿಟ್ಟದ್ದು ವಿಮಾನ ನಿಲ್ದಾಣದ ಲೆಕ್ಕದಲ್ಲಿದೆ, ದುಡಿಯಲು ಹೋದದ್ದು ಯಾವ ಲೆಕ್ಕದಲ್ಲೂ ಇಲ್ಲ.

ಅವಳು ಕಳೆದುಕೊಳ್ಳುವುದು ಸಣ್ಣದಲ್ಲ. ನೇರ ದಾರಿಯಲ್ಲಿ ಹೋದವಳ ಒಪ್ಪಂದ ಕೇಂದ್ರ ಸರ್ಕಾರದ ‘ಇ-ಮೈಗ್ರೇಟ್’ ಜಾಲದಲ್ಲಿ ದಾಖಲಾಗುತ್ತದೆ. ಮಾಲೀಕನ ಹೆಸರು, ವಿಳಾಸ, ಸಂಬಳ ಭಾರತೀಯ ರಾಯಭಾರ ಕಚೇರಿಗೆ ತಿಳಿದಿರುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಸಿಗುತ್ತದೆ. ಹೊರಡುವ ಮುನ್ನ ಒಂದು ದಿನದ ತಿಳಿವಳಿಕೆ ತರಬೇತಿ ಇರುತ್ತದೆ. ನೇಮಕಾತಿ ಸಂಸ್ಥೆ ಎಷ್ಟು ಹಣ ಕೇಳಬಹುದು ಎಂಬುದಕ್ಕೂ ಮಿತಿ ಇದೆ. ವಿಸಿಟ್ ವೀಸಾದಲ್ಲಿ ಹೋದವಳಿಗೆ ಇದರಲ್ಲಿ ಒಂದೂ ಇಲ್ಲ. ಸಂಬಳ ಸಿಗದಿದ್ದರೆ ತೋರಿಸಲು ಕಾಗದವಿಲ್ಲ, ವೀಸಾ ಅವಧಿ ಮುಗಿದರೆ ಅವಳೇ ಅಪರಾಧಿ. 29 ವರ್ಷ 11 ತಿಂಗಳಿನವಳಿಗೆ ಈ ಗತಿ, 30 ತುಂಬಿದವಳಿಗೆ ಇಷ್ಟೆಲ್ಲ ಸೌಲಭ್ಯ.

30 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಆಧಾರ ಸಿಗುವುದಿಲ್ಲ. ಕೆಲಸ ಕೊಡುವ ದೇಶಗಳ ಕಾನೂನಿನಲ್ಲಿ ಅದು ಇಲ್ಲ. ಮನೆಕೆಲಸದವರಿಗಾಗಿ ಕುವೈತ್ 2015ರಲ್ಲಿ ಮಾಡಿದ 68ನೇ ಕಾನೂನು ಕನಿಷ್ಠ ವಯಸ್ಸನ್ನು 21ಕ್ಕೆ ನಿಗದಿ ಮಾಡಿದೆ. ಯುಎಇಯ 2022ರ ಕಾನೂನಿನಲ್ಲಿ ಅದು 18. ಕೆಲಸದವರನ್ನು ಕಳುಹಿಸುವ ದೇಶಗಳಲ್ಲಿ ಬಹುಕಾಲದ ಅನುಭವವಿರುವ ಫಿಲಿಪ್ಪೀನ್ಸ್ 2006ರ ಸುಧಾರಣೆಯ ನಂತರ 23ಕ್ಕೆ ನಿಂತಿತು. ಅಲ್ಲಿ ವಯಸ್ಸಿನ ಜೊತೆಗೆ ತಿಂಗಳಿಗೆ 400 ಡಾಲರ್ ಕನಿಷ್ಠ ಸಂಬಳ, ಸರ್ಕಾರಿ ತರಬೇತಿಯ ಪ್ರಮಾಣಪತ್ರ ಮತ್ತು ಕೆಲಸಗಾರ್ತಿಯಿಂದ ಏಜೆಂಟ್ ಶುಲ್ಕ ಪಡೆಯಬಾರದೆಂಬ ನಿಯಮವೂ ಬಂದವು. ಭಾರತ ವಯಸ್ಸನ್ನು ಮಾತ್ರ ಭದ್ರವಾಗಿ ಹಿಡಿದುಕೊಂಡು ಉಳಿದದ್ದನ್ನು ಸಡಿಲ ಬಿಟ್ಟಿದೆ.

ನೆರೆಯ ಎರಡು ದೇಶಗಳು ಈ ಪ್ರಯೋಗವನ್ನು ಈಗಾಗಲೇ ಮಾಡಿ ನೋಡಿವೆ. ನೇಪಾಳ 2012ರಲ್ಲಿ 30ರೊಳಗಿನ ಮಹಿಳೆಯರು ಗಲ್ಫಿಗೆ ಮನೆಕೆಲಸಕ್ಕೆ ಹೋಗುವುದನ್ನು ನಿಷೇಧಿಸಿತು. ಭಾರತದಲ್ಲಿರುವ ಸಂಖ್ಯೆಯೇ ಅದು. ನಿಷೇಧದ ಪರಿಣಾಮವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಧ್ಯಯನ ಮಾಡಿತು. 2015ರಲ್ಲಿ ಬಂದ ಅದರ ವರದಿಯ ಪ್ರಕಾರ ಮಹಿಳೆಯರು ಹೋಗುವುದನ್ನು ಬಿಡಲಿಲ್ಲ, ಗಡಿ ದಾಟಿ ಭಾರತದ ಮೂಲಕ ಹೋದರು. ಖರ್ಚು ಹೆಚ್ಚಿತು, ಏಜೆಂಟರ ಹಿಡಿತ ಬಿಗಿಯಾಯಿತು.

ಶ್ರೀಲಂಕಾದ ಪಾಠ ಇನ್ನೂ ಕಠೋರ. 2005ರ ಮೇ ತಿಂಗಳಲ್ಲಿ ಮುತ್ತೂರಿನ ಬಡ ಕುಟುಂಬದ 17ರ ಹುಡುಗಿಯೊಬ್ಬಳು ಸೌದಿ ಅರೇಬಿಯಾಕ್ಕೆ ಮನೆಕೆಲಸಕ್ಕೆ ಹೋದಳು. ಏಜೆಂಟರು ಅವಳ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ವರ್ಷವನ್ನು 1988ರ ಬದಲು 1982 ಎಂದು ಬರೆಸಿ 23 ವರ್ಷದವಳನ್ನಾಗಿ ಮಾಡಿದ್ದರು. ಮಗು ಸಾಕುವ ತರಬೇತಿ ಏನೂ ಇಲ್ಲದ ಅವಳ ಕೈಗೆ ನಾಲ್ಕು ತಿಂಗಳ ಕೂಸನ್ನು ಕೊಡಲಾಯಿತು. ಕೆಲವೇ ವಾರಗಳಲ್ಲಿ ಕೂಸು ತೀರಿಕೊಂಡಿತು. ಬಾಟಲಿ ಹಾಲು ಕುಡಿಸುವಾಗ ಉಸಿರುಗಟ್ಟಿತು ಎಂದು ಅವಳು ಹೇಳಿದಳು, ಕೊಲೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಅವಳು ಅಪ್ರಾಪ್ತೆಯೆಂದು ಹೇಳುವ ಜನನ ಪ್ರಮಾಣಪತ್ರವಿತ್ತು. ಆದರೆ ವಿಚಾರಣೆ ನಡೆದದ್ದು ಪಾಸ್‌ಪೋರ್ಟಿನ ಸುಳ್ಳು ವಯಸ್ಸಿನ ಮೇಲೆ. 2013ರ ಜನವರಿ 9ರಂದು ಅವಳ ಶಿರಚ್ಛೇದವಾಯಿತು.

ವಯಸ್ಸಿನ ಮಿತಿ ಆ ಹುಡುಗಿಯನ್ನು ಮನೆಯಲ್ಲಿ ಉಳಿಸಲಿಲ್ಲ. ಮಿತಿಯನ್ನು ದಾಟಿಸಲು ಹುಟ್ಟಿದ ಸುಳ್ಳು ಅವಳ ಕೊನೆಯ ಆಸರೆಯನ್ನೂ ಕಿತ್ತುಕೊಂಡಿತು. ಆದರೂ ಶ್ರೀಲಂಕಾ ಆಗ ಕಲಿತದ್ದು ವಿರುದ್ಧ ಪಾಠ: ಸೌದಿಗೆ ಹೋಗುವವರ ಕನಿಷ್ಠ ವಯಸ್ಸನ್ನು 25ಕ್ಕೆ ಏರಿಸಿತು, ಐದು ವರ್ಷದೊಳಗಿನ ಮಕ್ಕಳಿರುವ ತಾಯಂದಿರನ್ನು ತಡೆಯಿತು. ಸುಮಾರು ಒಂದು ದಶಕದ ನಂತರ, 2022ರಲ್ಲಿ, ಎಲ್ಲ ದೇಶಗಳಿಗೂ ಮಿತಿಯನ್ನು 21ಕ್ಕೆ ಇಳಿಸಿತು. ಭಾರತಕ್ಕಿಂತ ಹೆಚ್ಚು ನೋವು ಉಂಡ ದೇಶವೇ ಹಿಂದೆ ಸರಿದಿದೆ ಎಂಬುದನ್ನು ದೆಹಲಿಯ ಕಚೇರಿಗಳು ಗಮನಿಸಬೇಕು.

ಮಿತಿಯನ್ನು ಸಮರ್ಥಿಸುವವರ ಆತಂಕ ಸುಳ್ಳಲ್ಲ. ಕಫಾಲ ಪದ್ಧತಿಯಲ್ಲಿ ಕೆಲಸಗಾರ್ತಿಯ ವಾಸದ ಪರವಾನಗಿ ಮಾಲೀಕನಿಗೆ ಅಂಟಿಕೊಂಡಿರುತ್ತದೆ. ಮುಚ್ಚಿದ ಬಾಗಿಲ ಹಿಂದೆ ನಡೆಯುವ ಹೊಡೆತ, ಲೈಂಗಿಕ ಹಿಂಸೆ ಹೊರಗೆ ಕೇಳಿಸುವುದಿಲ್ಲ. ವಯಸ್ಸಾದವಳಿಗೆ ಲೋಕಜ್ಞಾನ ಹೆಚ್ಚು, ತನ್ನನ್ನು ತಾನು ಕಾಪಾಡಿಕೊಳ್ಳುತ್ತಾಳೆ ಎಂಬುದು ಅವರ ವಾದ. ಆದರೆ ಈ ಹಿಂಸೆಗೆ ಕಾರಣ ಅವಳ ವಯಸ್ಸಲ್ಲ, ಮಾಲೀಕನಿಗಿರುವ ಅಧಿಕಾರ. 35ರ ಮಹಿಳೆಯ ಪಾಸ್‌ಪೋರ್ಟನ್ನೂ ಅವನು ಅಷ್ಟೇ ಸುಲಭವಾಗಿ ಬೀರುವಿನಲ್ಲಿಟ್ಟು ಬೀಗ ಹಾಕಬಲ್ಲ.

ಆಯಾ ಕೆಲಸಕ್ಕೆ ಬಂದರೆ 30ರ ಮಿತಿಯ ಪರಿಣಾಮ ಇನ್ನೂ ಕ್ರೂರ. ಗ್ರಾಮೀಣ ಭಾರತದಲ್ಲಿ 30 ತುಂಬಿದ ಮಹಿಳೆಗೆ ಸಾಮಾನ್ಯವಾಗಿ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ. ಮದುವೆಯಾಗದ 23ರ ಯುವತಿ ಎರಡು ವರ್ಷ ದುಡಿದು ಬರುವುದನ್ನು ತಡೆಯುವ ನಿಯಮ, ಮಕ್ಕಳ ತಾಯಿಗೆ ಹೋಗಲು ಒಪ್ಪಿಗೆ ಕೊಡುತ್ತದೆ. ಅವಳು ಅಲ್ಲಿ ಪರರ ಮಗುವಿಗೆ ಉಣಿಸುತ್ತಾಳೆ, ಅವಳ ಮಕ್ಕಳು ಇಲ್ಲಿ ಅಜ್ಜಿಯ ಕೈತುತ್ತು ಉಣ್ಣುತ್ತಾರೆ. ರಕ್ಷಣೆಯ ಹೆಸರಿನಲ್ಲಿ ಬಂದ ನಿಯಮ ಮಾಡುತ್ತಿರುವ ಕೆಲಸ ಇದು.

ಮಗು ನೋಡಿಕೊಳ್ಳುವುದು ಉಳಿದ ಮನೆಕೆಲಸದಂತಲ್ಲ. ಯುಎಇ ಕಾನೂನು ದಿನಕ್ಕೆ 12 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಒಟ್ಟಿಗೆ ಸಿಗಬೇಕು ಎನ್ನುತ್ತದೆ. ಕುವೈತ್ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಮಿತಿಗೊಳಿಸಿದೆ. ರಾತ್ರಿ ಎರಡಕ್ಕೂ ನಾಲ್ಕಕ್ಕೂ ಏಳುವ ಕೂಸಿನ ಪಕ್ಕ ಮಲಗುವವಳಿಗೆ ಈ 8 ಗಂಟೆ ಕಾಗದದ ಮೇಲಷ್ಟೇ ಸಿಗುತ್ತದೆ. ರಾತ್ರಿ ಏಳುವವರು ಯಾರು, ಮಗುವಿನ ಕೆಲಸದ ಜೊತೆ ಅಡುಗೆ, ನೆಲ ಒರೆಸುವುದೂ ಸೇರಿದೆಯೇ, ಮಗುವಿಗೆ ಜ್ವರ ಬಂದರೆ ಹೊಣೆ ಯಾರದು ಎಂಬುದು ಒಪ್ಪಂದದಲ್ಲೇ ಬರೆದಿರಬೇಕು. ಕೂಸಿಗೆ ಹಾಲು ಕುಡಿಸುವುದು, ಗಂಟಲಿಗೆ ಏನಾದರೂ ಸಿಕ್ಕಿಕೊಂಡಾಗ ತೆಗೆಯುವುದು ಕಲಿತ ಮೇಲೆಯೇ ವಿಮಾನ ಹತ್ತಬೇಕು. ಒಂದು ದಿನದ ತರಬೇತಿಯಲ್ಲಿ ಇದು ಆಗದು.

ಮಾಡಬೇಕಾದದ್ದು ಸ್ಪಷ್ಟವಿದೆ. ಮಿತಿ 21ಕ್ಕೆ ಇಳಿಯಬೇಕು. ಅಂಕಪಟ್ಟಿ ಇರಲಿ ಬಿಡಲಿ, ಆಯಾ ಕೆಲಸಕ್ಕೆ ಹೋಗುವ ಪ್ರತಿಯೊಬ್ಬಳ ಒಪ್ಪಂದವೂ ದಾಖಲಾಗಬೇಕು. ಕೆಲವು ವಾರಗಳ ಶಿಶುಪಾಲನಾ ತರಬೇತಿ ಕಡ್ಡಾಯವಾಗಬೇಕು. ಮನೆಕೆಲಸದವರ ಕುರಿತು ಸೌದಿಯೊಂದಿಗೆ 2014ರಲ್ಲಿ, ಕುವೈತಿನೊಂದಿಗೆ 2021ರಲ್ಲಿ ಮಾಡಿಕೊಂಡ ಒಪ್ಪಂದಗಳಿಗೆ ಆಯಾಗಳ ಕೆಲಸದ ವಿವರ ಸೇರಬೇಕು. 2011ರ ಅಂತರರಾಷ್ಟ್ರೀಯ ಮನೆಕೆಲಸಗಾರರ ಒಡಂಬಡಿಕೆಯನ್ನು ಫಿಲಿಪ್ಪೀನ್ಸ್ 2012ರಲ್ಲೇ ಅನುಮೋದಿಸಿತು. ಭಾರತ ಇನ್ನೂ ಮಾಡಿಲ್ಲ. ತನ್ನ ಮನೆಗಳಲ್ಲಿ ದುಡಿಯುವವರಿಗೆ ಒಪ್ಪದ ಹಕ್ಕನ್ನು ಕುವೈತಿನ ಮನೆಗಳಲ್ಲಿ ಕೇಳಲು ಅದರ ದನಿಗೆ ಬಲ ಬರುವುದಿಲ್ಲ.

‘ಇಸಿಆರ್’ ಮಹಿಳೆಯರ ನೇಮಕಾತಿಯನ್ನು 2016ರಿಂದ ಸರ್ಕಾರಿ ಸಂಸ್ಥೆಗಳಿಗೆ ಮೀಸಲಿಡಲಾಗಿದೆ. ಕೇರಳದಲ್ಲಿ ನೋರ್ಕಾ ರೂಟ್ಸ್, ಒಡೆಪೆಕ್ ಇವೆ. ಕರ್ನಾಟಕದಲ್ಲಿ ಈ ಹೊಣೆ ಕೌಶಲ್ಯಾಭಿವೃದ್ಧಿ ಇಲಾಖೆಗೆ ಸೇರಿದ್ದು. ಕಚೇರಿ ಬೆಂಗಳೂರಿನಲ್ಲಿ, ಏಜೆಂಟ್ ಹಳ್ಳಿಯ ಜಗಲಿಯ ಮೇಲೆ ಎಂಬ ಸ್ಥಿತಿ ಇರುವವರೆಗೆ ಮಹಿಳೆ ನಂಬುವುದು ಜಗಲಿಯ ಮೇಲೆ ಕೂತವನನ್ನೇ. ತಾಲ್ಲೂಕು ಮಟ್ಟದಲ್ಲಿ ಸರ್ಕಾರ ಬಾಗಿಲು ತೆರೆಯಬೇಕು, ಆ ಬಾಗಿಲಲ್ಲಿ ವಯಸ್ಸಿನ ಕಾರಣಕ್ಕೆ 21 ತುಂಬಿದ ಯಾರನ್ನೂ ವಾಪಸ್ ಕಳುಹಿಸಬಾರದು.