‘ಯಾವ ಅಂಗ ಊನ, ತೋರಿಸಿ!’

ನಮ್ಮ ಸಂಘದ ರಾಜ್ಯೋತ್ಸವ ಮುಗಿದ ಸಂಜೆ, ಕುರ್ಚಿಗಳನ್ನು ಮಡಚಿಡುವ ಹೊತ್ತಿನಲ್ಲಿ, ಹಿರಿಯ ಸದಸ್ಯರೊಬ್ಬರು ನನ್ನನ್ನು ಒತ್ತಟ್ಟಿಗೆ ಕರೆದು ಹೀಗೆಂದರು: “ಅಲ್ರೀ, ನೀವು ಓದಿದವರು. ತಮ್ಮ ಹುಚ್ಚ ಅಂತ ಸರ್ಕಾರಿ ಕಾಗದದ ಮೇಲೆ ಬರೆಸಿಕೊಳ್ಳಾಕ ಇಷ್ಟು ಓಡಾಡ್ತೀರಲ್ಲ, ಮನೆತನದ ಮರ್ಯಾದಿ ಏನಾಗಬೇಕು? ಹುಚ್ಚಿಗೂ ಸರ್ಕಾರ ರೊಕ್ಕ ಕೊಡಾಕ ಹತ್ತಿದರ ನಾಳೆ ಊರವರೆಲ್ಲ ಹುಚ್ಚರ ಆಗತಾರ.”

ಅವರು ನನಗೆ ತಂದೆಯ ಸಮಾನರು. ಅಂದು ಮರುಮಾತಾಡಲಿಲ್ಲ. ಇಂದು ಈ ಪುಟಗಳಲ್ಲಿ ಆಡುತ್ತೇನೆ. ಏಕೆಂದರೆ ಆ ಮಾತು ಅವರೊಬ್ಬರದಲ್ಲ. ನಾನು ಹತ್ತಿದ ಆಸ್ಪತ್ರೆಯ ಮೆಟ್ಟಿಲುಗಳ ಮೇಲೂ, ಕಚೇರಿಯ ಕೌಂಟರುಗಳ ಹಿಂದೆಯೂ, ಸತ್ಯ ಹೇಳಬೇಕೆಂದರೆ ನನ್ನ ತಾಯಿಯ ಬಾಯಲ್ಲೂ ಅದೇ ಮಾತನ್ನು ಕೇಳಿದ್ದೇನೆ.

ನನ್ನ ತಮ್ಮನಿಗೆ 2003ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಡಿಗ್ರಿಯ ಕೊನೆಯ ವರ್ಷದಲ್ಲಿ ಸ್ಕಿಜೋಫ್ರೇನಿಯಾ ಬಂತು. ಮೊದಲು ಧಾರವಾಡದಲ್ಲಿ ಚಿಕಿತ್ಸೆ. ತಂದೆ ಕೇಂದ್ರ ಸರ್ಕಾರದ ನೌಕರರು, ಮರುವರ್ಷವೇ ನಿವೃತ್ತರಾದರು, 2013ರಲ್ಲಿ ತೀರಿಕೊಂಡರು. ಕುಟುಂಬ ಪಿಂಚಣಿ ತಾಯಿಗೆ ಬಂತು. 2019ರಲ್ಲಿ ಅವರಿಬ್ಬರನ್ನೂ ಮುಂಬಯಿಗೆ ಕರೆತಂದೆ. 2020ರಲ್ಲಿ ತಾಯಿಯೂ ಹೋದಳು. ಅಂದಿನಿಂದ ತಮ್ಮ ಡೊಂಬಿವಲಿಯ ನಮ್ಮ ಒಂದೂವರೆ ಕೋಣೆಯಲ್ಲಿ ನಮ್ಮೊಡನೆ ಇದ್ದಾನೆ. ಈಗಿನ ಔಷಧಿಯಿಂದ ಕಿವಿಯಲ್ಲಿ ಕೇಳುವ ಧ್ವನಿಗಳು ಅಡಗಿವೆ. ಆದರೆ ಧ್ವನಿಗಳು ಅಡಗಿದ ಮೇಲೆ ಉಳಿಯುವ ಇನ್ನೊಂದು ಅರ್ಧ ಕಾಯಿಲೆಯಿದೆ. ಬೆಳಗಿನಿಂದ ಸಂಜೆಯವರೆಗೆ ಗೋಡೆಗೆ ಒರಗಿ ಕೂತಿರುತ್ತಾನೆ. ಸ್ನಾನ ಮಾಡೆಂದು ನಾಲ್ಕು ಸಲ ಹೇಳಬೇಕು, ಐದನೆಯ ಸಲ ಕೈಹಿಡಿದು ಎಬ್ಬಿಸಬೇಕು. ನೋಡಿದವರು ಇದನ್ನು ಸೋಮಾರಿತನ ಎನ್ನುತ್ತಾರೆ. ವೈದ್ಯರನ್ನು ಕೇಳಿ: ಆ ನಿರುತ್ಸಾಹವೇ ರೋಗದ ಲಕ್ಷಣ, ಮಾತ್ರೆಗೆ ಅದು ಸುಲಭವಾಗಿ ಬಗ್ಗುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರಲ್ಲಿ ಮಾನಸಿಕ ಕಾಯಿಲೆಯೂ ಒಂದು ವೈಕಲ್ಯ. ಇದು ಹೊಸದೇನಲ್ಲ, 1995ರ ಕಾಯಿದೆಯಲ್ಲೂ ಅದು ಇತ್ತು. ಪ್ರಮಾಣಪತ್ರದಲ್ಲಿ ಶೇ. 40 ಇದ್ದರೆ ಬಹುತೇಕ ಬಾಗಿಲುಗಳು ತೆರೆಯುತ್ತವೆ. 39 ಆದರೆ ಇಲ್ಲ. ಕಾಗದದ ಮೇಲೆ ಎಲ್ಲವೂ ಸೊಗಸಾಗಿದೆ. ನಾನೂ ಇಪ್ಪತ್ತು ವರ್ಷದಿಂದ ಕಾಗದದಲ್ಲೇ ಬದುಕಿದವನು, ಕಾಗದದ ಮೇಲೆ ನನಗೆ ನಂಬಿಕೆಯಿತ್ತು.

2021ರಲ್ಲಿ ಅರ್ಜಿ ಹಾಕಿದೆ. ನಗರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಯ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ ನನ್ನಾಕೆ ಒಂದು ತಪ್ಪು ಮಾಡಿದಳು. ದೊಡ್ಡವರ ಮುಂದೆ ಹೋಗುವುದಲ್ಲವೆ ಎಂದು ಮೈದುನನಿಗೆ ಎಣ್ಣೆ ಹಚ್ಚಿ, ಗಡ್ಡ ತೆಗೆಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. ಅದೇ ಅವನಿಗೆ ಮುಳುವಾಯಿತು. ಒಳಗೆ ಕರೆದು ಮರಾಠಿಯಲ್ಲಿ ಕೇಳಿದರು, ಬಳಿಕ ಹಿಂದಿಯಲ್ಲಿ ಕೇಳಿದರು. ತಮ್ಮನಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಹೇಗಿದ್ದೀ ಎಂದದ್ದಕ್ಕೆ “ಠೀಕ್ ಹೈ” ಎಂದ. ನಾನು ಬಾಗಿಲ ಬಳಿಯಿಂದ, “ಸಾಹೇಬರೇ, ಅವನಿಗೆ ಕನ್ನಡವೊಂದೇ” ಎಂದೆ. ನನ್ನನ್ನು ಹೊರಗೆ ಕೂಡಿಸಿದರು. ಹೊರಗಿನ ಗಡಿಯಾರದಲ್ಲಿ ಏಳು ನಿಮಿಷ. ತಮ್ಮ ಹೊರಬಂದು, “ಅಣ್ಣಾ, ಆರಾಮ ಇದ್ದೀನಿ ಅಂತ ಹೇಳೇನಿ, ಮನಿಗೆ ಹೋಗೋಣು” ಎಂದ. ಕೆಲವು ವಾರಗಳ ಮೇಲೆ ಉತ್ತರ ಬಂತು: ಶೇ. 40ಕ್ಕಿಂತ ಕಡಿಮೆ.

ಪತ್ರ ಕೊಟ್ಟ ಗುಮಾಸ್ತನನ್ನು ಏಕೆಂದು ಕೇಳಿದೆ. ಅವನೂ ನನ್ನಂಥವನೇ, ನಮ್ಮ ಜಾತಿಯೇ, ಗುಮಾಸ್ತರ ಜಾತಿ. ಕೈ ತೋರಿಸಿ ಕೇಳಿದ: ಕೈ ಸರಿಯಿದೆ, ಕಾಲು ಸರಿಯಿದೆ, ಕಣ್ಣು ಸರಿಯಿದೆ, ಯಾವ ಅಂಗ ಊನವಾಗಿದೆ, ತೋರಿಸಿ!

ಅವನನ್ನು ಬೈಯಲಾರೆ. ‘ಅಂಗವಿಕಲ’ ಎಂಬ ನಮ್ಮ ಶಬ್ದವೂ ಅದೇ ಪ್ರಶ್ನೆಯನ್ನು ಕೇಳುತ್ತದೆಯಲ್ಲವೆ? ಆದರೆ ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕೆಂದು 2017ರ ನಿಯಮಗಳಲ್ಲಿದೆ. ನನಗೆ ಬಂದ ಪತ್ರದಲ್ಲಿ ಕಾರಣದ ಜಾಗದಲ್ಲಿ ಒಂದು ಗೆರೆ ಇತ್ತು. ತಮ್ಮನ ಸಹಿ ಹಾಕಿಸಿ, ಹತ್ತು ರೂಪಾಯಿ ಕಟ್ಟಿ, ಮಾಹಿತಿ ಹಕ್ಕಿನ ಕಾಯಿದೆಯಡಿ ಅಂಕಪಟ್ಟಿಯನ್ನು ಕೇಳಿದೆ. ಬಂದ ಪಟ್ಟಿಯನ್ನು ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳುವುದು ಅವಶ್ಯ, ವಾಚಕರು ಬೇಸರಿಸಬಾರದು. ಮಾನಸಿಕ ವೈಕಲ್ಯವನ್ನು ಅಳೆಯಲು ‘ಐಡಿಯಾಸ್’ ಎಂಬ ಮಾಪಕವಿದೆ. ಭಾರತೀಯ ಮನೋವೈದ್ಯರ ಸಂಘದ ಸಮಿತಿಯೊಂದು ಸಿದ್ಧಪಡಿಸಿದ್ದು. 2018ರ ಜನವರಿಯ ಕೇಂದ್ರ ಮಾರ್ಗಸೂಚಿಯಲ್ಲೂ ಅದನ್ನೇ ಹೇಳಿತ್ತು. ಅದರಲ್ಲಿ ನಾಲ್ಕು ಬಾಬುಗಳು: ತನ್ನ ಮೈಯ ನಿಗಾ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಅದಕ್ಕೆ ಕಾಯಿಲೆಯ ಅವಧಿಯ ಅಂಕ ಸೇರಬೇಕು: ಎರಡು ವರ್ಷದೊಳಗಿನದಾದರೆ 1, ಹತ್ತು ವರ್ಷ ಮೀರಿದ್ದಾದರೆ 4. ಒಟ್ಟು 20. ಏಳು ಬಂದರೆ ಶೇ. 40.

ನನ್ನ ತಮ್ಮನಿಗೆ ಕೊಟ್ಟದ್ದು: ಮೈಯ ನಿಗಾ 0 (ಇಸ್ತ್ರಿಯ ಅಂಗಿ!), ಒಡನಾಟ 1, ಮಾತು 1, ಕೆಲಸ 1. ಹದಿನೆಂಟು ವರ್ಷದಿಂದ ಒಂದು ರೂಪಾಯಿ ದುಡಿಯದವನಿಗೆ ಕೆಲಸದಲ್ಲಿ ಒಂದೇ ಅಂಕದ ತೊಂದರೆ! ಇರಲಿ. ಅವಧಿಯ ಅಂಕ ನೋಡಿ: 1. ಮುಂಬಯಿಯ ಚೀಟಿಗಳಷ್ಟನ್ನೇ ಲೆಕ್ಕಕ್ಕೆ ಹಿಡಿದಿದ್ದರು. ಧಾರವಾಡದ ಹದಿನಾರು ವರ್ಷದ ಚೀಟಿಗಳನ್ನು, ಕೆಲವು ಕನ್ನಡದಲ್ಲಿದ್ದವೆಂದೋ ಏನೋ, ಫೈಲಿನಲ್ಲಿ ಸೇರಿಸಲೇ ಇಲ್ಲ. ಒಟ್ಟು 4. ಅವರು ಕೊಟ್ಟ ಅಂಕಗಳನ್ನೇ ಹಾಗೇ ಇಟ್ಟು ಅವಧಿಯ ಅಂಕವೊಂದನ್ನು ಸರಿಮಾಡಿದರೂ 3ಕ್ಕೆ 4 ಸೇರಿ 7 ಆಗುತ್ತಿತ್ತು. ರಾಜ್ಯದ ಗಡಿ ದಾಟಿದರೆ ರೋಗಕ್ಕೆ ಹೊಸ ಹುಟ್ಟುಹಬ್ಬ ಬರುತ್ತದೆಂದು ನನಗೆ ಅಂದು ತಿಳಿಯಿತು. ಪರಊರಿನಲ್ಲಿರುವ ನಾವು ಇದನ್ನು ನೆನಪಿಡಬೇಕು.

ಬಿ.ಎಸ್ಸಿ.ಯಲ್ಲಿ ನಮಗೆ ಮೊದಲ ವಾರ ಕಲಿಸಿದ್ದು ಸ್ಕ್ರೂ ಗೇಜಿನ ಶೂನ್ಯ ದೋಷ. ತಂತಿಯ ದಪ್ಪವನ್ನು ಬೇರೆ ಬೇರೆ ಜಾಗದಲ್ಲಿ ಐದು ಸಲ ಅಳೆದು ಸರಾಸರಿ ತೆಗೆಯಬೇಕಿತ್ತು. ಒಂದೇ ಸಲ ಅಳೆದು ಬರೆದವನ ಜರ್ನಲ್ಲನ್ನು ಮಾಸ್ತರರು ಎಸೆಯುತ್ತಿದ್ದರು. ತಾಮ್ರದ ತಂತಿಗೆ ಐದು ಸಲ, ಮನುಷ್ಯನ ಮನಸ್ಸಿಗೆ ಏಳು ನಿಮಿಷ ಒಂದು ಸಲ! ಮಾಪಕವನ್ನು ದೂಷಿಸುತ್ತಿಲ್ಲ. ರೋಗಿಯನ್ನು ನೋಡಿಕೊಳ್ಳುವವರನ್ನು ಕೇಳಿ, ಹಳೆಯ ದಾಖಲೆಗಳನ್ನು ಓದಿ ಅಂಕ ಕೊಡಬೇಕೆಂಬುದೇ ಅದರ ರೀತಿ. ನನ್ನನ್ನು ಹೊರಗೆ ಕೂಡಿಸಿದ್ದರಲ್ಲ!

ಮೇಲ್ಮನವಿ ಸಲ್ಲಿಸಿದೆ. ಕಾಯಿದೆಯ 59ನೆಯ ಕಲಮು ಆ ಹಕ್ಕನ್ನು ಕೊಡುತ್ತದೆ. ಈ ಸಲ ಧಾರವಾಡದ ಚೀಟಿಗಳನ್ನು ವರ್ಷವಾರು ಹೊಲಿದು, ಕನ್ನಡದವಕ್ಕೆ ಭಾಷಾಂತರ ಲಗತ್ತಿಸಿ, ನನ್ನಾಕೆಯಿಂದ ಒಂದು ತಿಂಗಳ ದಿನಚರಿ ಬರೆಸಿದೆ: ಇಂದು ಎಷ್ಟು ಹೊತ್ತಿಗೆ ಎದ್ದ, ಎಷ್ಟು ಸಲ ಹೇಳಿದ ಮೇಲೆ ಹಲ್ಲುಜ್ಜಿದ, ಯಾರೊಡನೆ ಮಾತಾಡಿದ, ಮಾತ್ರೆಯನ್ನು ನುಂಗಿದನೋ ಕಿಸೆಗೆ ಹಾಕಿದನೋ. ಅಂಗಿಗೆ ಇಸ್ತ್ರಿ ಬೇಡವೆಂದೆ. ಆಕೆ ಅತ್ತಳು. “ಮೈದುನನ್ನ ಭಿಕ್ಷುಕನ ಹಂಗ ಕರಕೊಂಡು ಹೋಗಬೇಕೇನ್ರಿ?” ಎಂದಳು. ಆ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಬೇಕು, ನನ್ನಲ್ಲಿಲ್ಲ. ಮೇಲ್ಮನವಿಯಲ್ಲಿ ನಮ್ಮಿಬ್ಬರನ್ನೂ ಕೂಡಿಸಿ ಮುಕ್ಕಾಲು ಗಂಟೆ ಕೇಳಿದರು. ಅಂಕ 12 ಬಂತು. ಅದೇ ಮನುಷ್ಯ, ಅದೇ ಕಾಯಿಲೆ. ನಾಲ್ಕು ಹೋಗಿ ಹನ್ನೆರಡಾಯಿತು.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಊರವರೆಲ್ಲ ಹುಚ್ಚರಾಗುತ್ತಾರೆಂಬ ಭಯ. 2011ರ ಜನಗಣತಿಯಲ್ಲಿ ದೇಶದಲ್ಲೆಲ್ಲ ಮಾನಸಿಕ ಕಾಯಿಲೆಯ ವೈಕಲ್ಯವುಳ್ಳವರೆಂದು ಬರೆಸಿಕೊಂಡವರು ಸುಮಾರು 7 ಲಕ್ಷ 22 ಸಾವಿರ ಮಂದಿ ಮಾತ್ರ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಎಲ್ಲ ತೊಂದರೆಯೂ ವೈಕಲ್ಯವಲ್ಲ, ಒಪ್ಪಿದೆ. ಆದರೂ ಈ ಎರಡು ಅಂಕೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿ: ನಮ್ಮ ಜನ ಹುಚ್ಚನ್ನು ನಟಿಸುತ್ತಿದ್ದಾರೋ, ಬಚ್ಚಿಡುತ್ತಿದ್ದಾರೋ? 2024ರಲ್ಲಿ ನಮ್ಮ ಇದೇ ರಾಜ್ಯದಲ್ಲಿ ಐ.ಎ.ಎಸ್. ತರಬೇತಿಯಲ್ಲಿದ್ದವರೊಬ್ಬರ ವೈಕಲ್ಯ ಪ್ರಮಾಣಪತ್ರದ ವಿವಾದ ದೊಡ್ಡದಾಯಿತು. ಅದನ್ನು ತೀರ್ಮಾನಿಸುವವರು ಬೇರೆಯವರಿದ್ದಾರೆ. ಆದರೆ ಅದಾದ ಮೇಲೆ ನನ್ನಂಥವರನ್ನು ನೋಡುವ ಕಣ್ಣೇ ಬದಲಾಯಿತು. ಕಳ್ಳನೊಬ್ಬ ನುಗ್ಗಿಯಾನೆಂದು ಛತ್ರದ ಬಾಗಿಲು ಮುಚ್ಚಿದರೆ ಹಸಿದವರು ಎಲ್ಲಿಗೆ ಹೋಗಬೇಕು?

ಇನ್ನು ‘ಸರ್ಕಾರ ರೊಕ್ಕ ಕೊಡುವುದು’. ನಾನು ಕೇಳುತ್ತಿರುವುದು ದಾನವಲ್ಲ. ಕೇಂದ್ರ ನೌಕರನ ಮಗನೋ ಮಗಳೋ ಮನಸ್ಸಿನ ಅಥವಾ ದೇಹದ ವೈಕಲ್ಯದಿಂದ ದುಡಿದು ತಿನ್ನಲಾರದಿದ್ದರೆ, 25 ವರ್ಷ ದಾಟಿದ ಮೇಲೂ ಜೀವಮಾನವಿಡೀ ಕುಟುಂಬ ಪಿಂಚಣಿ ಕೊಡಬೇಕೆಂಬುದು 1972ರ ಪಿಂಚಣಿ ನಿಯಮಗಳಲ್ಲೂ ಇತ್ತು, 2021ರ ನಿಯಮಗಳಲ್ಲೂ ಇದೆ. ಇದು ನನ್ನ ತಂದೆಯ ದುಡಿಮೆಯ ಫಲ. ಅದನ್ನು ಬಿಟ್ಟುಕೊಡುವುದನ್ನು ಮರ್ಯಾದೆ ಎನ್ನುವುದಾದರೆ, ಆ ಮರ್ಯಾದೆಯ ಬಾಡಿಗೆಯನ್ನು ಯಾರು ಕಟ್ಟುತ್ತಾರೆ? ನನಗೆ ಇನ್ನು ಹದಿಮೂರು ವರ್ಷ ನೌಕರಿ. ಆಮೇಲೆ?

ಆದರೆ ಸರ್ಕಾರವನ್ನಷ್ಟೇ ಬೈದು ಲೇಖನಿ ಕೆಳಗಿಟ್ಟರೆ ಅರ್ಧ ಸುಳ್ಳು ಹೇಳಿದಂತೆ. ಪಿಂಚಣಿದಾರರು ಬದುಕಿದ್ದಾಗಲೇ ಇಂಥ ಮಗುವಿನ ಹೆಸರನ್ನು ಪಿಂಚಣಿ ಆದೇಶದಲ್ಲಿ ಸೇರಿಸಲು ಅವಕಾಶವಿದೆ. ಹಣವನ್ನು ಯಾರ ಕೈಗೆ ಕೊಡಬೇಕೆಂದು ನಾಮನಿರ್ದೇಶನವನ್ನೂ ಮಾಡಬಹುದು. ನನ್ನ ತಂದೆ ಮಾಡಲಿಲ್ಲ. ತಾಯಿಗೆ ನಾನು ಫಾರಂ ತಂದುಕೊಟ್ಟೆ. ತಂಗಿಯ ಮದುವೆ ಆಗಿಬಿಡಲಿ ಎಂದಳು. ಮದುವೆಯಾಯಿತು. ಬೀಗರಿಗೆ ತಿಳಿದೀತು ಎಂದಳು. ಹೀಗೆ ಆ ಫಾರಂ ದೇವರ ಗೂಡಿನ ಹಿಂದೆ ಉಳಿಯಿತು; ಆಕೆ ಹೋದ ಮೇಲೆ ಸಿಕ್ಕಿತು, ಹೆಸರಿನ ಜಾಗವೊಂದನ್ನು ತುಂಬಿದ್ದಳು. ಬುದ್ಧಿಮಾಂದ್ಯ ಮಗುವಿಗಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲೆಯ ಸಮಿತಿಯೇ ಪೋಷಕರನ್ನು ನೇಮಿಸಬಲ್ಲದು. ಮಾನಸಿಕ ಕಾಯಿಲೆ ಆ ಕಾಯಿದೆಯ ಪಟ್ಟಿಯಲ್ಲಿಲ್ಲ. ಆದ್ದರಿಂದ ನನ್ನಂಥವರಿಗೆ ಆ ಒಂದು ಫಾರಂ ಎಷ್ಟು ಮುಖ್ಯವಾಗಿತ್ತೆಂಬುದನ್ನು ನೀವೇ ಊಹಿಸಿಕೊಳ್ಳಿ.

ತಮ್ಮನ ಪಿಂಚಣಿಯ ಕಡತ ಈಗಲೂ ಕಚೇರಿಯಲ್ಲಿದೆ. ಮೂರು ಸಲ ಆಕ್ಷೇಪಣೆಯೊಡನೆ ಮರಳಿತು, ಮೂರು ಸಲ ಉತ್ತರಿಸಿದೆ. ಮೂರನೆಯದರಲ್ಲಿ, ಅರ್ಜಿದಾರನು ಸ್ವತಃ ಬಂದು ತಾನು ದುಡಿಯಲು ಅಸಮರ್ಥನೆಂದು ದೃಢೀಕರಿಸಲಿ ಎಂದಿತ್ತು. ಕರೆದೊಯ್ದೆ. ಅಲ್ಲಿಯ ಅಧಿಕಾರಿ ಹೇಗಿದ್ದೀಯಪ್ಪಾ ಎಂದು ಕೇಳಿದರು. ತಮ್ಮ ನನ್ನ ಮುಖ ನೋಡಿ, “ಆರಾಮ ಇದ್ದೀನ್ರಿ” ಎಂದ.

ಹಿರಿಯರಲ್ಲಿ ಒಂದು ಅರಿಕೆ. ಪ್ರತಿ ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಕೂತಿರುತ್ತೇನೆ. ಇಂಥ ಮನೆಯವರು ಯಾರಾದರೂ ಇದ್ದರೆ ಕಳಿಸಿಕೊಡಿ. ಹಳೆಯ ಚೀಟಿಗಳನ್ನೆಲ್ಲ ತರಲಿ, ಊರಿನವನ್ನೂ ಬಿಡದೆ ತರಲಿ. ಫಾರಂ ನಾನು ತುಂಬಿಕೊಡುತ್ತೇನೆ. ಕೋಣೆಗೆ ಹಿತ್ತಲ ಬಾಗಿಲಿನಿಂದಲೂ ಬರಬಹುದು, ಯಾರ ಕಣ್ಣಿಗೂ ಬೀಳಬೇಕಾಗಿಲ್ಲ.