ಹಾಳೆ ತಟ್ಟೆಗೆ ಬಂದ ತಕರಾರು

ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಶೆಡ್ಡು ಹಾಕಿ, ಒಂದೋ ಎರಡೋ ಪ್ರೆಸ್ ಇಟ್ಟುಕೊಂಡು ಅಡಿಕೆ ಹಾಳೆಯ ತಟ್ಟೆ ಒತ್ತುವವರಿಗೆ 2025ರ ಮೇ ತಿಂಗಳು ಕೆಟ್ಟ ಸುದ್ದಿ ತಂದಿತು. ಅಡಿಕೆ ಮರದ ಹಾಳೆ, ಎಲೆಗಳಿಂದ ಮಾಡಿದ ತಟ್ಟೆ-ಬಟ್ಟಲುಗಳನ್ನು ಊಟಕ್ಕೆ ಬಳಸಬೇಡಿ, ಮಾರಬೇಡಿ ಎಂದು ಅಮೆರಿಕದ ಎಫ್‌ಡಿಎ ಸಾರಿತು. ಅಡಿಕೆಯಲ್ಲಿರುವ ಅರೆಕೋಲಿನ್ ಮೊದಲಾದ ಆಲ್ಕಲಾಯ್ಡ್‌ಗಳು ತಟ್ಟೆಯಿಂದ ಅನ್ನಕ್ಕೆ ಇಳಿಯಬಹುದು ಎಂಬುದು ಅದರ ತಕರಾರು.

ನಮ್ಮಜ್ಜ ಹಾಳೆಯಲ್ಲೇ ಉಂಡರು, ಕೂಸನ್ನು ಹಾಳೆಯಲ್ಲೇ ಮಲಗಿಸಿ ಮೀಯಿಸಿದರು, ಏನಾಯ್ತು ಅಂತ ಕೇಳುವವರಿದ್ದಾರೆ. ಮಾತು ಕೇಳಲು ಚೆನ್ನ. ಆದರೆ ಅಜ್ಜನ ಸಾಕ್ಷಿ ಬಂದರಿನಲ್ಲಿ ನಡೆಯೋದಿಲ್ಲ ಸ್ವಾಮಿ. ಅಲ್ಲಿನ ಕಾನೂನಿನಲ್ಲಿ ವಿಷ ಇದೆ ಎಂದು ಸರ್ಕಾರ ಸಾಬೀತು ಮಾಡಬೇಕಿಲ್ಲ. ಅಪಾಯವಿಲ್ಲ ಎಂದು ಮಾರುವವನೇ ತೋರಿಸಬೇಕು. ಅರೆಕೋಲಿನ್ ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2020ರಲ್ಲೇ ತೀರ್ಮಾನಿಸಿದೆ. ಇದನ್ನು ಬರೀ ವ್ಯಾಪಾರದ ಪಿತೂರಿ ಅಂದು ತಳ್ಳಿಹಾಕಲಾಗದು.

ಹಾಗಾದರೆ ಬೇಕಾದದ್ದು ಅಂಕಿ. ಒಣ ಹಾಳೆಯಲ್ಲಿ ಅರೆಕೋಲಿನ್ ಎಷ್ಟಿದೆ? ನೀರಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದ ಮೇಲೆ ಎಷ್ಟು ಉಳಿಯುತ್ತೆ? ಕುದಿಯುವ ಸಾರು ಬಿದ್ದರೆ ಎಷ್ಟು ಇಳಿಯುತ್ತೆ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಗೊನೆಗೆ ಮಾತ್ರವಲ್ಲ, ಹಾಳೆಗೂ ತಾಗುತ್ತದೆ. ಆ ಮೈಲುತುತ್ತಿನ ಲೆಕ್ಕವೂ ಆಗಿಬಿಡಲಿ. ಸಾಲ ಮಾಡಿ ಪ್ರೆಸ್ ತಂದವನ ಕೈಯಲ್ಲಿ ಈ ಪರೀಕ್ಷೆಯೆಲ್ಲ ಆಗುವ ಕೆಲಸವೇ? ವಿಟ್ಲದಲ್ಲಿ ಸಿಪಿಸಿಆರ್‌ಐ ಕೇಂದ್ರ ಇದೆ, ಮಂಗಳೂರಿನಲ್ಲಿ ಕ್ಯಾಂಪ್ಕೊ ಇದೆ. ಹೊಣೆ ಅಂಥವರ ಹೆಗಲಿಗೇ ಬರಬೇಕು.

ಹಾಳೆ ಬಿಟ್ಟರೆ ಏನು? ರಾಜ್ಯ 2016ರಲ್ಲಿ, ಕೇಂದ್ರ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ-ಲೋಟ ನಿಷೇಧಿಸಿದ ಮೇಲೆ ಪೇಟೆಗೆ 'ಜೋಳದ ಪ್ಲಾಸ್ಟಿಕ್' ಬಂದಿದೆ. ಚೀಲದ ಮೇಲೆ ಹಸಿರು ಎಲೆಯ ಚಿತ್ರ, ಮಣ್ಣಲ್ಲಿ ಕರಗುತ್ತೆ ಎಂಬ ಭರವಸೆ. ಒಳಗಿನ ಗುಟ್ಟು ಬೇರೆ. ತೆಳು ಚೀಲಗಳಲ್ಲಿ ಜೋಳದ ಪಿಷ್ಟದ ಜೊತೆ ಪೆಟ್ರೋಲಿಯಂ ಮೂಲದ ಪಿಬಿಎಟಿ ಎಂಬ ಪದಾರ್ಥ ಸೇರಿಸುವುದು ಸಾಮಾನ್ಯ. ಪಿಎಲ್‌ಎ ಎಂಬ ಗಟ್ಟಿ ಜಾತಿ ಕರಗಬೇಕಾದರೆ ಸುಮಾರು 58 ಡಿಗ್ರಿ ಶಾಖದ ಗೊಬ್ಬರದ ರಾಶಿಯಲ್ಲಿ ವಾರಗಟ್ಟಲೆ ಇರಬೇಕು. ನಮ್ಮ ಪಂಚಾಯಿತಿಯ ಕಸದ ಗುಂಡಿಯಲ್ಲಿ ಅಂಥ ಶಾಖ ಎಲ್ಲಿಂದ ಬರಬೇಕು? ಚರಂಡಿಗೆ ಬಿದ್ದರೆ ಅದು ಹಳೇ ಪ್ಲಾಸ್ಟಿಕ್‌ನ ತಮ್ಮನೇ.

ಹಾಳೆಗೆ ಅಂಟಿಲ್ಲ, ಮೇಣವಿಲ್ಲ, ಬಣ್ಣವಿಲ್ಲ. ನಾರೇ ಅದರ ಗಟ್ಟಿತನ. ಒಂದು ಮರ ವರ್ಷಕ್ಕೆ 5-6 ಹಾಳೆ ತಾನೇ ಉದುರಿಸುತ್ತೆ. ಕೊಳ್ಳುವವರಿಲ್ಲದಿದ್ದರೆ ಮಳೆಗಾಲದಲ್ಲಿ ಅದರಲ್ಲೇ ನೀರು ನಿಂತು ಸೊಳ್ಳೆ ಹುಟ್ಟುತ್ತೆ. ಊಟಕ್ಕೆ ಆಗದು ಅಂತಲೇ ತೀರ್ಮಾನವಾದರೆ ಪೆಟ್ಟಿಗೆ, ಸಸಿ ಕುಂಡ, ಪ್ಯಾಕಿಂಗ್‌ಗಾದರೂ ದಾರಿ ಹುಡುಕಬೇಕು.

ಇನ್ನೊಂದು ಪ್ರಶ್ನೆ ಯಾರೂ ಜೋರಾಗಿ ಕೇಳುತ್ತಿಲ್ಲ. ಅಲ್ಲಿ ಬೇಡವೆಂದ ತಟ್ಟೆಯಲ್ಲೇ ನಮ್ಮ ಮದುವೆ ಹಾಲ್‌ಗಳಲ್ಲಿ ಊಟ ಬಡಿಸುತ್ತಾರೆ. ರಫ್ತು ನಿಂತಿತಲ್ಲಾ ಅಂತ ಚಿಂತೆ ಮಾಡುವ ಅಧಿಕಾರಿ ಮಹಾಶಯರು, ಇಲ್ಲಿ ಉಣ್ಣುವವರಿಗೂ ಒಂದು ಉತ್ತರ ಕೊಡಲಿ. ಪರೀಕ್ಷೆಯ ವರದಿ ಕನ್ನಡದಲ್ಲೇ ಇರಲಿ.